ನೀವು ನೋಡಿಕೊಳ್ಳಬೇಕಿದ್ದ ಮಕ್ಕಳು

ಅತ್ತೆ,

ನಾನು ಗಂಗ, ನಿಮ್ಮ ಸೊಸೆ. ನೀವಿದ್ದಾಗ ನಿಮಗೆ ಒಂದು ಸಾಲು ಬರೆದವಳಲ್ಲ. ಬರೆಯುವ ಅಗತ್ಯವಾದರೂ ಎಲ್ಲಿತ್ತು, ಬೆಳಗಾದರೆ ಒಂದೇ ಒಲೆಯ ಮುಂದೆ ನಿಂತು ಜಗಳವಾಡುತ್ತಿದ್ದೆವಲ್ಲ! ನಿಮಗೆ ಓದಲು ಬರುತ್ತಿರಲಿಲ್ಲ ಎನ್ನುವುದೂ ನೆನಪಿದೆ. ಆದರೂ ಬರೆಯುತ್ತಿದ್ದೇನೆ. ಯಾರಿಗಾದರೂ ಹೇಳದಿದ್ದರೆ ಎದೆಯ ಈ ಡವಡವ ನಿಲ್ಲುವುದಿಲ್ಲ, ಮತ್ತು ಇದನ್ನು ಹೇಳಬೇಕಾದದ್ದು ನಿಮಗೇ.

ಇವತ್ತು ಬೆಳಿಗ್ಗೆ ನಿಮ್ಮ ಮೂರನೆಯ ಮೊಮ್ಮಗು ಹೊಸ್ತಿಲು ದಾಟಿತು. ಎಂಟು ತಿಂಗಳು ತುಂಬಿದೆ. ಅಂಬೆಗಾಲಿಟ್ಟುಕೊಂಡು ಬಂದು, ಹೊಸ್ತಿಲ ಮೇಲೆ ಹೊಟ್ಟೆ ಊರಿ, ಸ್ವಲ್ಪ ಹೊತ್ತು ಆಚೆ ಈಚೆ ತೂಗಿ, ದೊಪ್ಪನೆ ಜಗಲಿಯ ಕಡೆಗೆ ಇಳಿಯಿತು. ಪಕ್ಕದ ತೋಟದ ರತ್ನಮ್ಮ ಇಲ್ಲೇ ಇದ್ದರು. ಚಪ್ಪಾಳೆ ತಟ್ಟಿ, ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟು, ಮನೆಯಲ್ಲಿದ್ದ ಕೊಬ್ಬರಿಗೆ ಸಕ್ಕರೆ ಬೆರೆಸಿ ಎಲ್ಲರ ಕೈಗೂ ಹಾಕಿದರು. ನಾನು ಕೊಬ್ಬರಿ ಸಕ್ಕರೆ ಕೈಯಲ್ಲಿ ಹಿಡಿದುಕೊಂಡು ಜಗಲಿಯಿಂದ ಅಂಗಳಕ್ಕೆ ಎಷ್ಟು ದೂರ, ಅಂಗಳದಿಂದ ಬಾವಿಗೆ ಎಷ್ಟು ದೂರ ಎಂದು ಅಳೆಯುತ್ತಾ ನಿಂತಿದ್ದೆ. ಹಿಡಿದ ಸಕ್ಕರೆಯೆಲ್ಲ ನೆಲಕ್ಕೆ ಬಿತ್ತು. ಹೆಣ್ಣೋ ಗಂಡೋ ಅದನ್ನು ಹೇಳು ಮೊದಲು ಎನ್ನುತ್ತಿದ್ದೀರಿ, ಗೊತ್ತು. ತಡೆಯಿರಿ. ಹೊಟ್ಟೆ ನೋಡಿಯೇ ಹೇಳುತ್ತೇನೆಂದು ಪಂಥ ಕಟ್ಟಿದವರು ನೀವು, ಸ್ವಲ್ಪ ಕಾಯಿರಿ.

ಮೂರು ತಿಂಗಳು ಎಂದು ನಾನು ನಿಮಗೆ ಹೇಳಿದ ದಿನ ಜ್ಞಾಪಕವಿದೆಯೇ? ನೀವು ಅಟ್ಟದಿಂದ ಇಳಿಸಿದ ಕಾಯಿಗಳನ್ನು ಸುತ್ತಲೂ ಹರಡಿಕೊಂಡು ಕೂತಿದ್ದಿರಿ. ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಗಡಗಡ ಅಂದರೆ ಒಂದು ಕಡೆ, ಇನ್ನೂ ನೀರಿದ್ದರೆ ಇನ್ನೊಂದು ಕಡೆ. ನಾನು ಹೇಳಿದ್ದಕ್ಕೆ ತಲೆ ಎತ್ತದೆ ಇನ್ನೂ ನಾಲ್ಕು ಕಾಯಿ ಅಲ್ಲಾಡಿಸಿದಿರಿ. ಆಮೇಲೆ, "ಎಲ್ಡು ಸಾಕಾಗ್ಲಿಲ್ವೇನೇ ನಿಂಗೆ?" ಎಂದಿರಿ. ನನಗೆ ಅಳು ಬಂತು. ನಾನು ಅಳುವುದನ್ನು ನೀವು ಸಹಿಸುತ್ತಿರಲಿಲ್ಲ, ಪ್ರೀತಿಯಿಂದಲೋ ಕಿರಿಕಿರಿಯಿಂದಲೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. "ಆಗಿದ್ದಾಯ್ತು, ಬುಡು. ಹೆತ್ಕಂಡು ಬಾ. ಹುಡುಗ್ರನ್ನ ನಾ ನೋಡ್ಕತೀನಿ" ಎಂದಿರಿ. ಅಲ್ಲೇ ನಿಂತಿದ್ದ ಸುಮಳನ್ನು ಹತ್ತಿರ ಎಳೆದುಕೊಂಡು ಅವಳಿಗೂ ಹೇಳಿದಿರಿ: "ನಿಮ್ಮಮ್ಮ ಆಸ್ಪತ್ರೆಗೆ ಹೋದಾಗ ನೀನು, ನಂದಿ, ಇಬ್ರೂ ನನ್ನತ್ರ ಇರಿ. ಏನೂ ಹೆದರ್ಕಬ್ಯಾಡ, ಏನವ್ವಾ?" ಸುಮ ದೊಡ್ಡ ಮನುಷ್ಯಳ ಹಾಗೆ ತಲೆ ಆಡಿಸಿದಳು. ಆರು ವರ್ಷದ ಹುಡುಗಿ. ಹೇಳಿದ್ದನ್ನು ಮರೆಯುವ ಜಾತಿಯಲ್ಲ ಅವಳು, ನಿಮ್ಮ ಹಾಗೆಯೇ.

ನಂದೀಶ ಹುಟ್ಟುವಾಗ ಸುಮಳನ್ನು ಹದಿನೈದು ದಿನ ನೀವೇ ಇಟ್ಟುಕೊಂಡಿದ್ದಿರಿ. ನಾನು ಕೂಸು ಎತ್ತಿಕೊಂಡು ಮನೆಗೆ ಬಂದರೆ ಅವಳು ನನ್ನ ಹತ್ತಿರ ಬರಲೇ ಇಲ್ಲ, ನಿಮ್ಮ ಸೆರಗಿನ ಹಿಂದೆ ನಿಂತು ನನ್ನನ್ನು ನೆಂಟರನ್ನು ನೋಡುವ ಹಾಗೆ ನೋಡಿದಳು. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ್ದಿರಿ, ಎರಡು ಕೆನ್ನೆಯೂ ತುಂಬಿಕೊಂಡಿದ್ದವು. ನನಗೆ ಹೊಟ್ಟೆ ಉರಿಯಿತು ಅತ್ತೆ, ಸುಳ್ಳು ಯಾಕೆ ಹೇಳಲಿ? ಆದರೆ ಆಸ್ಪತ್ರೆಯಲ್ಲಿ ಇದ್ದಷ್ಟು ದಿನ ಒಮ್ಮೆಯೂ, ಒಂದೇ ಒಂದು ಸಲವೂ, ಸುಮ ಏನು ಮಾಡುತ್ತಿದ್ದಾಳೋ ಎಂದು ನಾನು ಹೆದರಿರಲಿಲ್ಲ. ಆ ನೆಮ್ಮದಿ ನಿಮ್ಮದೇ ಕೊಡುಗೆ ಎಂದು ಆಗ ಹೊಳೆದಿರಲಿಲ್ಲ.

ಆಮೇಲೆ ಆ ಸೀರೆಯ ಜಗಳ. ಅದನ್ನು ಬಿಟ್ಟು ಮುಂದೆ ಹೋಗೋಣ ಎಂದು ಎರಡು ಸಲ ಪೆನ್ನು ಎತ್ತಿದೆ, ಆಗಲಿಲ್ಲ. ನನಗೆ ಆಗ ಆರು ತಿಂಗಳು. ಮಧ್ಯಾಹ್ನ ಬಟ್ಟೆ ಒಗೆದುಕೊಂಡು ಬಂದರೆ ನೀವು ಬಾವಿಯ ಪಕ್ಕ ಕೂತು ತೆಂಗಿನ ಸೋಗೆ ಹೆಣೆಯುತ್ತಿದ್ದಿರಿ. ನಂದಿಯ ಸೊಂಟಕ್ಕೆ ನಿಮ್ಮ ಹಳೆಯ ಹಸಿರು ಸೀರೆ ಕಟ್ಟಿ, ಇನ್ನೊಂದು ತುದಿಯನ್ನು ತೆಂಗಿನ ಮರಕ್ಕೆ ಬಿಗಿದಿದ್ದಿರಿ. ಮೂರು ವರ್ಷದ ಮಗು ಸೀರೆ ಎಳೆದಷ್ಟು ದೂರ ಓಡಿ, ನಿಂತು, ನಗುತ್ತಾ ಮತ್ತೆ ಓಡುತ್ತಿತ್ತು. ಅವನಿಗೇನೋ ಅದು ಆಟ. ನನಗೆ ಮಾತ್ರ ಪಿತ್ತ ನೆತ್ತಿಗೇರಿತು. "ಇದೇನತ್ತೆ, ಕರು ಕಟ್ದಂಗೆ ಕಟ್ಟಿದೀರಲ್ಲ ಮಗೂನ!" ಎಂದೆ. ನೀವು ನಕ್ಕು, "ನಂದಿ ಅಂತ ಹೆಸರಿಟ್ಟೋಳು ನೀನೇ ಅಲ್ವೇನೇ? ಕಟ್ಟೆ ಇಲ್ದಿರೋ ಬಾವಿ ಕಣೇ ಇದು" ಎಂದಿರಿ. ನಾನು ಅಷ್ಟಕ್ಕೇ ಬಿಟ್ಟಿದ್ದರೆ... ಬೇಲಿಯಾಚೆ ರತ್ನಮ್ಮ ನಿಂತಿದ್ದು ಕಂಡರೂ ಬಿಡಲಿಲ್ಲ. "ನಿಮ್ ಕೈಗೆ ಮಕ್ಕಳನ್ನ ಕೊಡೋದೇ ತಪ್ಪು" ಎಂದುಬಿಟ್ಟೆ.

ನೀವು ಸೋಗೆ ಕೆಳಗಿಟ್ಟಿರಿ. ಎದ್ದು ಮರದ ಗಂಟು ಬಿಚ್ಚಿದಿರಿ, ಮಗುವಿನ ಸೊಂಟದ ಗಂಟು ಬಿಚ್ಚಿದಿರಿ. ಸೀರೆಯನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ, ಏಣಿ ಹತ್ತಿ ಅಟ್ಟದ ಕಾಯಿಗಳ ಮೇಲೆ ಇಟ್ಟಿರಿ. ಬಾಗಿಲಲ್ಲಿ ನಿಂತ ಸುಮ ಅದನ್ನೆಲ್ಲ ನೋಡುತ್ತಿದ್ದಳು. ಆ ಗಂಟನ್ನು ನೀವು ಅವಳಿಗೂ ಕಲಿಸಿದ್ದಿರಿ ಎಂದು ನನಗೆ ಗೊತ್ತಿರಲಿಲ್ಲ. ಅದಾದ ಮೇಲೆ ನೀವು ನಂದಿಯನ್ನು ಕಟ್ಟಲಿಲ್ಲ. ಬಾವಿಯ ಕಡೆ ಕೆಲಸವಿದ್ದರೆ ಒಂದು ಕೈಯಲ್ಲಿ ಅವನನ್ನು ಹಿಡಿದುಕೊಂಡು ಇನ್ನೊಂದರಲ್ಲಿ ಮಾಡುತ್ತಿದ್ದಿರಿ. ನಾನು ಅದನ್ನು ನೋಡಿಯೂ ನೋಡದವಳ ಹಾಗೆ ಇದ್ದೆ. ಇನ್ನೊಂದು ದಿನ ಹೇಳಿದರಾಯಿತು ಎಂದುಕೊಂಡಿದ್ದೆ.

ಆ ದಿನ ಬರಲಿಲ್ಲ. ಒಂದು ತಿಂಗಳು ಕಳೆಯುವುದರೊಳಗೆ ನೀವು ಅದೇ ಅಟ್ಟದ ಕೆಳಗೆ ಕಾಯಿ ಆರಿಸುತ್ತಾ ಹಾಗೇ ಪಕ್ಕಕ್ಕೆ ಒರಗಿದಿರಿ. ನೀರು ತರುವುದರೊಳಗೆ ಮುಗಿದಿತ್ತು. ಕೈಯಲ್ಲಿ ಇನ್ನೂ ಒಂದು ಕಾಯಿ ಇತ್ತು. ತೋಟದಲ್ಲಿ ಮಾವನವರ ಪಕ್ಕದಲ್ಲೇ ನಿಮ್ಮನ್ನು ಮಣ್ಣು ಮಾಡಿದರು, ಬಾವಿಯಿಂದ ಇಪ್ಪತ್ತು ಹೆಜ್ಜೆ, ಬಾಳೆಯ ಸಾಲಿನ ಹಿಂದೆ. ನಾನು ಏಳು ತಿಂಗಳ ಹೊಟ್ಟೆ ಹಿಡಿದುಕೊಂಡು ದೂರದಲ್ಲಿ ನಿಂತಿದ್ದೆ. ಮಕ್ಕಳಿಗೆ ಏನು ಹೇಳಬೇಕು ಎಂದು ತಿಳಿಯದೆ, ಎಲ್ಲರೂ ಹೇಳುವುದನ್ನೇ ಹೇಳಿದೆ. "ಅಜ್ಜಿ ತೋಟದಲ್ಲೇ ಇದಾಳೆ. ಅಲ್ಲಿಂದಾನೇ ನಿಮ್ಮನ್ನ ನೋಡ್ಕತಾ ಇರ್ತಾಳೆ." ಸೋಮವಾರ ಸೋಮವಾರ ಎಡೆ ಇಡಲು ಹೋದಾಗ ಬಾವಿಯ ಹತ್ತಿರವೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೋಗಬೇಕು ಎಂದು ನಿಮ್ಮ ಮಗ ಕಲಿಸಿದರು. ಸುಮ ತನ್ನದನ್ನೂ ಬಿಟ್ಟು, ತಮ್ಮನದನ್ನೂ ಬಿಚ್ಚಿ, ಎರಡು ಜೊತೆಯನ್ನು ಸಾಲಾಗಿ ಜೋಡಿಸಿಡುತ್ತಿದ್ದಳು.

ನೀವು ಹೋದ ಮೇಲೆ ನನಗೆ ಹಿಡಿದ ಹೆದರಿಕೆಯನ್ನು ಹೇಗೆ ಹೇಳಲಿ? ಅಳಬೇಕಿತ್ತು, ಅಳಲಿಲ್ಲ, ಹೆದರಿದೆ. ಅಷ್ಟು ಗಟ್ಟಿಯಾಗಿದ್ದವರು ನೀರು ತರುವಷ್ಟರಲ್ಲಿ ಹೋಗಬಹುದಾದರೆ, ಹೆರಿಗೆಗೆ ಹೋದವಳು ವಾಪಸ್ಸು ಬರುತ್ತಾಳೆ ಎಂದು ಯಾವ ಗ್ಯಾರಂಟಿ? ನಮ್ಮಮ್ಮ ಲಕ್ವ ಹೊಡೆದು ಮಲಗಿ ಎರಡು ವರ್ಷ, ಅವಳನ್ನೇ ಒಬ್ಬರು ನೋಡಿಕೊಳ್ಳಬೇಕು. ಒಂದೊಂದು ಸಲ ನಿಮ್ಮ ಮೇಲೆ ಸಿಟ್ಟು ಉಕ್ಕುತ್ತಿತ್ತು. ನೋಡ್ಕತೀನಿ ಎಂದು ಮಾತು ಕೊಟ್ಟವರು ನೀವು. ಇನ್ನೆರಡು ತಿಂಗಳು ತಡೆಯಲಾಗಲಿಲ್ಲವೇ ನಿಮಗೆ?

ಆದರೂ ವ್ಯವಸ್ಥೆ ಮಾಡಿದೆ. ನಾನು ಮಾಡಿದಷ್ಟು ವ್ಯವಸ್ಥೆ ಮದುವೆಗೂ ಯಾರೂ ಮಾಡಿರಲಾರರು. ನೊಣವಿನಕೆರೆಯಿಂದ ನಿಮ್ಮ ಮಗಳು ಸರೋಜಕ್ಕ ಹೆರಿಗೆಗೆ ಹತ್ತು ದಿನ ಮುಂಚೆ ಬಂದು ಇರುವುದು. ಅಕಸ್ಮಾತ್ ನೋವು ಮೊದಲೇ ಬಂದರೆ ನಿಮ್ಮ ಮಗ ಸರೋಜಕ್ಕನಿಗೆ ಹೇಳಿಕಳಿಸುವುದು, ಅವರು ಬರುವತನಕ ಹುಡುಗರು ರತ್ನಮ್ಮನ ಮನೆಯಲ್ಲಿ ಇರುವುದು. ನಂದಿಗೆ ಹಾಲಿಗೆ ಸಕ್ಕರೆ ಎಷ್ಟು, ಸುಮ ಕತ್ತಲಲ್ಲಿ ಬಚ್ಚಲಿಗೆ ಒಬ್ಬಳೇ ಹೋಗುವುದಿಲ್ಲ, ಇಬ್ಬರ ಬಟ್ಟೆ ಯಾವ ಚೀಲದಲ್ಲಿದೆ, ಎಲ್ಲವನ್ನೂ ಕ್ಯಾಲೆಂಡರಿನ ಹಿಂದೆ ಬರೆದು ಗೋಡೆಗೆ ಅಂಟಿಸಿದೆ. ಸರೋಜಕ್ಕನ ಬಾಯಲ್ಲಿ ಎರಡು ಸಲ ಹೇಳಿಸಿದೆ. ರತ್ನಮ್ಮ, "ಅಯ್ಯೋ, ಪರೀಕ್ಷೆ ಮಾಡ್ತಾಳೆ ಕಣ್ರೀ ಇವ್ಳು" ಎಂದು ನಗುತ್ತಿದ್ದರು. ನಿಮ್ಮ ಮಗನನ್ನಂತೂ ಮಲಗಿದ್ದಾಗ ಎಬ್ಬಿಸಿ ಕೇಳಿದ್ದೇನೆ.

ಇಷ್ಟೆಲ್ಲ ಮಾಡಿದವಳು ಹುಡುಗರಿಗೆ ಮಾತ್ರ ಹೇಳಲಿಲ್ಲ, ಅತ್ತೆ. ಹೆರಿಗೆಯ ಮಾತು ಮಕ್ಕಳ ಮುಂದೆ ಆಡಬಾರದು ಎಂದು ರತ್ನಮ್ಮ ಅಂದಿದ್ದು ನಿಜ, ಆದರೆ ಅದು ನೆಪ. ಸುಮಳನ್ನು ಕೂರಿಸಿಕೊಂಡು, ನಾನು ಇಲ್ಲದಾಗ ನೀವಿಬ್ಬರೂ ಇಂಥವರ ಹತ್ತಿರ ಇರಬೇಕು ಎನ್ನಲು ಬಾಯಿ ತೆರೆದರೆ ನನ್ನ ಕಿವಿಗೆ ಅದು ಬೇರೆ ಥರ ಕೇಳಿಸುತ್ತಿತ್ತು. ನಾನು ಬರದೇ ಹೋದರೆ ಎಂದು ಹೇಳುತ್ತಿದ್ದೇನೇನೋ ಅನ್ನಿಸುತ್ತಿತ್ತು. ಎರಡು ಸಲ ಶುರು ಮಾಡಿ, ಹೋಗು ಆಡ್ಕೋ ಹೋಗು ಎಂದು ಕಳಿಸಿಬಿಟ್ಟೆ.

ನೋವು ಕಾಣಿಸಿಕೊಂಡಿದ್ದು ಡಾಕ್ಟರು ಹೇಳಿದ್ದಕ್ಕಿಂತ ಹದಿನೈದು ದಿನ ಮೊದಲು. ಬೇಸಿಗೆ ರಜೆ, ಮಕ್ಕಳು ಮನೆಯಲ್ಲೇ ಇದ್ದರು. ನಿಮ್ಮ ಮಗ ಕೊಬ್ಬರಿ ಹಾಕಿಕೊಂಡು ತಿಪಟೂರಿಗೆ ಹೋಗಿದ್ದರು. ಬೆಳಿಗ್ಗೆ ಹತ್ತು ಗಂಟೆ ಇರಬಹುದು, ಒಲೆಯ ಮೇಲಿಂದ ಅನ್ನ ಇಳಿಸಿದ್ದೆ ಅಷ್ಟೆ. ನೋವು ಬಂದ ರೀತಿಗೇ ಇದು ತಡೆಯುವುದಿಲ್ಲ ಎಂದು ಗೊತ್ತಾಯಿತು. ಸುಮಳನ್ನು ಓಡಿಸಿ ರತ್ನಮ್ಮನನ್ನು ಕರೆಸಿದೆ. ಪುಣ್ಯಕ್ಕೆ ಅವರ ಅಂಗಳದಲ್ಲಿ ನಾರಿನ ಫ್ಯಾಕ್ಟರಿಗೆ ಕಾಯಿ ಸುಲಿದ ಮಟ್ಟೆ ತುಂಬುವ ಟೆಂಪೋ ನಿಂತಿತ್ತು. ತುಂಬಿದ್ದಷ್ಟಕ್ಕೆ ನಿಲ್ಲಿಸಿ ನನ್ನನ್ನು ಮುಂದೆ ಕೂರಿಸಿದರು. ಆದರೆ ಹೆರುವವಳನ್ನು ಡ್ರೈವರ್ ಒಬ್ಬನ ಜೊತೆ ಕಳಿಸುವುದು ಹೇಗೆ? ರತ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತೇಬಿಟ್ಟರು. "ಸುಮಾ, ತಮ್ಮುನ್ನ ಕರ್ಕಂಡು ನಮ್ಮನೆಗೆ ಹೋಗವ್ವಾ, ನಮ್ಮಾವ ಅವ್ರೆ. ನಿಮ್ಮ ಸರೋಜತ್ತೆ ಬತ್ತಾರೆ" ಎಂದು ಕೂಗಿದರು. ಟೆಂಪೋ ಸದ್ದಿನಲ್ಲಿ ಅವಳಿಗೆ ಎಷ್ಟು ಕೇಳಿತೋ. ನಂದಿಯ ಕೈ ಹಿಡಿದುಕೊಂಡು ಬೇಲಿಯ ಹತ್ತಿರ ನಿಂತಿದ್ದಳು. ಅಳಲಿಲ್ಲ. ನಾನು ಕೈ ಎತ್ತಬೇಕು ಎಂದುಕೊಂಡೆ, ಅಷ್ಟರಲ್ಲಿ ಇನ್ನೊಂದು ನೋವು ಬಂತು, ಕಣ್ಣು ಬಿಡುವಾಗ ತಿರುವು ದಾಟಿದ್ದೆವು.

ತಿಪಟೂರಿನ ಆಸ್ಪತ್ರೆಯಲ್ಲಿ ನನ್ನನ್ನು ಇಳಿಸಿ ಡ್ರೈವರ್ ಹೋಗಿ ನಿಮ್ಮ ಮಗನನ್ನು ಹುಡುಕಿ ಕರೆತಂದ. ಅವರು ಬರುವ ದಾರಿಯಲ್ಲೇ ಬಸ್‌ಸ್ಟ್ಯಾಂಡಿಗೆ ಹೋಗಿ, ನೊಣವಿನಕೆರೆ ಬಸ್ಸಿನ ಕಂಡಕ್ಟರ್ ಹತ್ತಿರ ಸರೋಜಕ್ಕನಿಗೆ ಹೇಳಿಕಳಿಸಿದ್ದರು. "ಗಂಗನಿಗೆ ನೋವು ಬಂದಿದೆ, ಆಸ್ಪತ್ರೆಗೆ ಸೇರಿಸಿದೀವಿ, ತಕ್ಷಣ ಬರಬೇಕಂತೆ." ಇಷ್ಟೇ. ಎಲ್ಲಿಗೆ ಬರಬೇಕು ಎಂದು ಹೇಳುವುದನ್ನು ಆ ಗಾಬರಿಯಲ್ಲಿ ಮರೆತರು. ಕ್ಯಾಲೆಂಡರಿನ ಹಿಂದೆ ನಾನು ಅದನ್ನೂ ಬರೆದಿದ್ದೆ, ತೋಟದ ಮನೆಗೆ ಎಂದು, ಕೆಳಗೆ ಗೆರೆ ಎಳೆದು.

ಎರಡೂವರೆಯ ಹೊತ್ತಿಗೆ ನೋವು ಬಿಟ್ಟು ಬಿಟ್ಟು ಬರುತ್ತಿತ್ತು. ನಾನು ಗೋಡೆಯ ಕಡೆ ತಿರುಗಿ ಮಲಗಿದ್ದೆ. ಬಾಗಿಲ ಹೊರಗೆ ಸರೋಜಕ್ಕನ ದನಿ ಕೇಳಿತು. ಅಯ್ಯೋ, ಬಂದರಲ್ಲ ಎಂದು ಒಂದು ಗಳಿಗೆ ಜೀವ ಹಗುರಾಯಿತು. ಮರುಗಳಿಗೆಯಲ್ಲಿ ಅವರು ಕೇಳಿದರು: "ರತ್ನಮ್ಮ, ನೀವು ಇಲ್ಲಿದೀರಾ? ಹಂಗಾದ್ರೆ ಹುಡುಗ್ರು ಯಾರತ್ರ ಅವೆ?"

"ನೀವು ತೋಟುಕ್ಕೆ ಹೋಗಿಲ್ವಾ?" ಎಂದರು ರತ್ನಮ್ಮ.

ಅತ್ತೆ, ಆ ಎರಡು ಪ್ರಶ್ನೆಗಳು ಇವೆಯಲ್ಲ, ಅವು ಈಗಲೂ ಅನ್ನ ಬಡಿಸುವಾಗ, ಬಟ್ಟೆ ಹಿಂಡುವಾಗ ನನ್ನ ಕಿವಿಗೆ ಬೀಳುತ್ತವೆ. ಮಕ್ಕಳನ್ನು ನೋಡಿಕೊಳ್ಳಬೇಕೆಂದು ನಾನು ಯಾರು ಯಾರಿಗೆ ಹೇಳಿದ್ದೆನೋ ಅವರೆಲ್ಲರೂ ನನ್ನನ್ನು ನೋಡಿಕೊಳ್ಳಲು ಬಂದು ಒಂದೇ ಬಾಗಿಲ ಹೊರಗೆ ನಿಂತಿದ್ದರು! ಸರೋಜಕ್ಕ, ರತ್ನಮ್ಮ, ನಿಮ್ಮ ಮಗ. ಅಲ್ಲಿ ಇಲ್ಲದವರೆಂದರೆ ನೀವೊಬ್ಬರೇ. "ನಮ್ಮಾವ ಅವ್ರೆ ಮನೇಲಿ, ಏನೂ ಆಗಿರಲ್ಲ" ಎಂದು ರತ್ನಮ್ಮ ಹೇಳಿದರು, ಆದರೆ ಅವರ ದನಿಯಲ್ಲೇ ಬಲವಿರಲಿಲ್ಲ. ಅವರ ಮಾವ ಸಿದ್ದಪ್ಪಜ್ಜನವರು ಜಗಲಿಯ ಮೇಲೆ ಮಲಗಿದರೆ ಪಕ್ಕದಲ್ಲಿ ಕಾಯಿ ಬಿದ್ದರೂ ಏಳುವವರಲ್ಲ. ಬೆಳಿಗ್ಗೆ ಹತ್ತರಿಂದ ನಾಲ್ಕೂವರೆ ಗಂಟೆ ಕಾಲ ಮಕ್ಕಳಿಬ್ಬರೇ. ಬೆಂಕಿ ಆರಿಸದ ಒಲೆ, ಕಟ್ಟೆ ಇಲ್ಲದ ಬಾವಿ, ಆರು ವರ್ಷದವಳು, ಮೂರು ವರ್ಷದವನು.

ನಿಮ್ಮ ಮಗ ಯಾರದೋ ಬೈಕು ಇಸಿದುಕೊಂಡು ಹೋದರು. ನಮ್ಮ ತೋಟದ ಸುತ್ತ ಯಾರ ಮನೆಯಲ್ಲೂ ಫೋನ್ ಇರಲಿಲ್ಲ, ಕಾಯುವುದೇ. ನಾನು ಮಂಚದಿಂದ ಇಳಿಯಲು ಹೋದೆ. ನರ್ಸಮ್ಮ ಹಿಡಿದು ಮಲಗಿಸಿ, "ಎಲ್ಲಿಗಮ್ಮಾ, ಮಗು ತಲೆ ಕಾಣ್ತಾ ಇದೆ" ಎಂದರು. ಹೆರುವಾಗ ದೇವರನ್ನು ಕರೆಯಬೇಕಂತೆ. ನಾನು ಕರೆದದ್ದು ನಿಮ್ಮನ್ನು. ಅತ್ತೇ, ನೋಡ್ಕಳೀ, ಅತ್ತೇ, ನೋಡ್ಕಳೀ ಎಂದು ಕಿರುಚಿದೆನಂತೆ, ಸರೋಜಕ್ಕ ಆಮೇಲೆ ಹೇಳಿದರು. ಬಾವಿಯ ಹತ್ತಿರ ಒಂದು ಕೈಯಲ್ಲಿ ನಂದಿಯನ್ನು ಹಿಡಿದು ಇನ್ನೊಂದು ಕೈಯಲ್ಲಿ ಸೋಗೆ ಎಳೆಯುತ್ತಿದ್ದ ನಿಮ್ಮ ರೂಪವೇ ಕಣ್ಣ ಮುಂದೆ ನಿಂತಿತ್ತು. ನಾನೇ ಬಿಚ್ಚಿಸಿದೆ, ನಾನೇ ಬಿಚ್ಚಿಸಿದೆ ಎಂದುಕೊಳ್ಳುತ್ತಾ ಹೆತ್ತೆ. ಮಗು ಅತ್ತಿತು. ಯಾವ ಮಗು ಎಂದು ನಾನು ಕೇಳಲಿಲ್ಲ. ನರ್ಸಮ್ಮ ಹತ್ತಿರ ತಂದು ತೋರಿಸಿದರೆ ಮುಖ ತಿರುಗಿಸಿ ಬಾಗಿಲು ನೋಡಿದೆ. ಹುಟ್ಟಿದ ಕೂಸಿಗೆ ಅಮ್ಮ ಕೊಟ್ಟ ಮೊದಲ ಉಡುಗೊರೆ ಅದು.

ನಿಮ್ಮ ಮಗ ತೋಟದಲ್ಲಿ ಕಂಡದ್ದನ್ನು ನನಗೆ ಹೇಳಿದ್ದು ಎಷ್ಟೋ ದಿನದ ಮೇಲೆ. ಮನೆಯ ಬಾಗಿಲು ಮುಂದಕ್ಕೆ ಎಳೆದಿತ್ತು, ಒಳಗೆ ಯಾರೂ ಇರಲಿಲ್ಲ. ಒಲೆಗೆ ನೀರು ಚಿಮುಕಿಸಿ ಆರಿಸಿತ್ತು. ಸಿದ್ದಪ್ಪಜ್ಜನವರನ್ನು ಅಲುಗಾಡಿಸಿ ಎಬ್ಬಿಸಿದರೆ, "ಹುಡುಗ್ರಾ? ಬರ್ಲೇ ಇಲ್ವಲ್ಲಪ್ಪ" ಎಂದರಂತೆ. ಕೂಗುತ್ತಾ ಬಾವಿಯ ಕಡೆ ಓಡಿದರೆ ಅಲ್ಲಿ ಬಾವಿಯ ಅಂಚಿನಲ್ಲಿ ಎರಡು ಜೊತೆ ಚಪ್ಪಲಿ. ಒಂದು ಚಿಕ್ಕದು, ಒಂದು ಇನ್ನೂ ಚಿಕ್ಕದು. ಸಾಲಾಗಿ ಜೋಡಿಸಿಟ್ಟಿತ್ತು. ನಿಮ್ಮ ಮಗ ಅಳುವುದನ್ನು ನೀವು ನೋಡಿದ್ದೀರಾ, ಮಾವನವರು ಹೋದಾಗಲಾದರೂ? ಇದನ್ನು ಹೇಳುವಾಗ ಅತ್ತರು. ಮೊಣಕಾಲೂರಿ ಬಾವಿಯೊಳಗೆ ಬಗ್ಗಿ, ಸುಮಾ, ನಂದೀ ಎಂದು ಕೂಗಿದರೆ ತಮ್ಮ ದನಿಯೇ ತಿರುಗಿ ಬರುತ್ತಿತ್ತಂತೆ. ನೀರು ಅಲುಗಾಡದೆ ಇತ್ತಂತೆ. ಬಟ್ಟೆ ಬಿಚ್ಚಿ ಇಳಿಯಬೇಕು ಎಂದು ಅಂಗಿಗೆ ಕೈ ಹಾಕಿದ್ದಾರೆ, ಬಾಳೆಯ ಸಾಲಿನ ಹಿಂದಿನಿಂದ ಒಂದು ದನಿ.

"ಅಪ್ಪಾ, ಮೆಲ್ಲಗೆ. ನಂದಿ ಈಗ ತಾನೇ ಮಲಗ್ದ."

ನಿಮ್ಮ ಹತ್ತಿರ ಇದ್ದರು, ಅತ್ತೆ. ನೀವು ಹೇಳಿದ ಹಾಗೆಯೇ. ನಿಮ್ಮ ಸಮಾಧಿಯ ಪಕ್ಕ ಚಾಪೆ ಹಾಸಿ, ನಂದಿಯನ್ನು ಮಲಗಿಸಿ, ಸುಮ ಬಾಳೆಯ ಎಲೆಯಿಂದ ನೊಣ ಓಡಿಸುತ್ತಾ ಕೂತಿದ್ದಳು. ಡಬ್ಬಿಯಲ್ಲಿ ಅನ್ನ ಮೊಸರು ತಂದಿದ್ದಳು. ಮೊದಲು ನಿಮಗೆ ಎಡೆ ಇಟ್ಟು, ಆಮೇಲೆ ತಮ್ಮನಿಗೆ ತಿನ್ನಿಸಿ, ಉಳಿದದ್ದನ್ನು ತಾನು ತಿಂದಿದ್ದಳು. ಮತ್ತು ನಂದಿಯ ಸೊಂಟದಲ್ಲಿ ನಿಮ್ಮ ಹಸಿರು ಸೀರೆ ಇತ್ತು. ಆ ಹುಡುಗಿ ಏಣಿ ಹತ್ತಿ, ಅಟ್ಟದ ಕಾಯಿಗಳ ಮೇಲಿಂದ ಅದನ್ನು ಎಳೆದು ತಂದು, ಒಂದು ತುದಿ ತಮ್ಮನಿಗೆ, ಇನ್ನೊಂದು ತುದಿ ತೆಂಗಿನ ಮರಕ್ಕೆ ಬಿಗಿದಿದ್ದಳು. ಸೀರೆಯ ಸುತ್ತ ನೆಲದ ಮೇಲೆ ಪುಟ್ಟ ಹೆಜ್ಜೆಗಳ ಗುರುತು. ಬಾವಿಯ ಕಡೆಗೇ ಜಾಸ್ತಿ ಇತ್ತಂತೆ. ಎಷ್ಟು ಸಲ ಓಡಿದ್ದನೋ, ಎಷ್ಟು ಸಲ ಸೀರೆ ಹಿಂದಕ್ಕೆ ಎಳೆದಿತ್ತೋ. ಆ ಗಂಟು ಬಿಚ್ಚಲು ನಿಮ್ಮ ಮಗನಿಗೆ ಉಗುರು ಸೋತು ಹಲ್ಲು ಹಾಕಬೇಕಾಯಿತು.

ಆರು ಗಂಟೆಗೆ ಇನ್ನೂ ಬೆಳಕಿರುವಾಗಲೇ ಇಬ್ಬರನ್ನೂ ಬೈಕಿನ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಬಂದರು. ನಾನು ಸುಮಳನ್ನು ಎಳೆದುಕೊಂಡು ಮೈಯೆಲ್ಲ ಮುಟ್ಟಿ ನೋಡಿದೆ. ನಂದಿಯ ಬೆರಳು ಎಣಿಸಿದೆ, ಅವನೇ ಆಗ ಹುಟ್ಟಿದವನ ಹಾಗೆ. "ಯಾಕೆ ಅಲ್ಲಿಗೆ ಹೋದ್ರಿ? ರತ್ನಮ್ಮೋರ ಮನೆಗೆ ಹೋಗಿ ಅಂದ್ರಲ್ಲ?" ಎಂದು ಕೇಳಿದೆ. ದನಿ ಏರಿತು ಅಂತ ಕಾಣುತ್ತೆ, ಅವಳು ಹಿಂದಕ್ಕೆ ಸರಿದಳು.

"ಹೋಗಿದ್ವಿ. ಅಜ್ಜಯ್ಯ ಮಲಗಿದ್ರು. ಎಬ್ಬಿಸಿದ್ರೆ ಬೈತಾರೆ" ಎಂದಳು. ಆಮೇಲೆ ನನ್ನ ಮುಖ ನೋಡಿ, ನಾನೇ ಏನೋ ಮರೆತಿದ್ದೇನೆ ಎನ್ನುವ ಹಾಗೆ ನಿಧಾನವಾಗಿ ಹೇಳಿದಳು: "ನೀನು ಆಸ್ಪತ್ರೆಗೆ ಹೋದಾಗ ಅಜ್ಜಿ ಹತ್ರ ಇರ್ಬೇಕು ಅಂತ ಅಜ್ಜಿ ಹೇಳಿತ್ತಲ್ಲಮ್ಮ. ಅಜ್ಜಿ ತೋಟದಲ್ಲಿ ಇದೆ ಅಂತ ನೀನೇ ಹೇಳ್ದೆ."

ಹೌದಲ್ಲವೇ? ಗೋಡೆಯ ಮೇಲೆ ನಾನು ಅಂಟಿಸಿದ್ದ ವ್ಯವಸ್ಥೆಯೆಲ್ಲ ದೊಡ್ಡವರಿಗೆ. ಅವಳಿಗೆ ಯಾರಾದರೂ ಎದುರು ಕೂರಿಸಿಕೊಂಡು ಹೇಳಿದ್ದು ನಿಮ್ಮ ಮಾತೊಂದೇ. "ಹೆದರಿಕೆ ಆಗ್ಲಿಲ್ವಾ?" ಎಂದೆ. "ನಂದಿ ಬಾವಿ ಹತ್ರ ಹೋಗ್ತಾನೆ ಇದ್ದ, ಆಗ ಆಯ್ತು" ಎಂದಳು. ಅಷ್ಟು ಹೊತ್ತು ಹಿಡಿದುಕೊಂಡಿದ್ದವಳು ಆಗ ಅತ್ತಳು. ಸರೋಜಕ್ಕ ಅತ್ತರು, ರತ್ನಮ್ಮ ಅತ್ತರು, ಹಾಸಿಗೆಯಲ್ಲಿದ್ದ ಕೂಸೂ ಸೇರಿಕೊಂಡಿತು. ಆಗಲೇ ನಾನು ಅದನ್ನು ಸರಿಯಾಗಿ ನೋಡಿದ್ದು. ಹೆಣ್ಣು, ಅತ್ತೆ. ಗಂಡೇ ಎಂದು ಕಟ್ಟಿದ ಪಂಥದಲ್ಲಿ ನೀವು ಸೋತಿರಿ. ನಿಮ್ಮ ಮೂಗು, ನಿಮ್ಮದೇ ಗಂಟಲು. ಹೆಸರು ಆಶಾ ಎಂದು ಸುಮ ಇಟ್ಟಳು, ಯಾಕೋ ಗೊತ್ತಿಲ್ಲ, ಅವಳ ಕ್ಲಾಸಿನ ಯಾರದೋ ಹೆಸರಂತೆ.

ಎಲ್ಲ ಸುಖವಾಗಿ ಮುಗಿಯಿತಲ್ಲ, ಇನ್ನೇನು ಹೆದರಿಕೆ ಎಂದು ಎಲ್ಲರೂ ಕೇಳುತ್ತಾರೆ. ನಿಮಗೆ ಅರ್ಥವಾದೀತು. ಆ ಚಪ್ಪಲಿಗಳನ್ನು ನಾನು ಕಣ್ಣಾರೆ ಕಂಡವಳಲ್ಲ, ಆದರೂ ದಿನಾ ಕಾಣುತ್ತೇನೆ. ಬಾಣಂತನದಲ್ಲಿ ಬೆಚ್ಚಗೆ ಮಲಗಿಸಿದರೆ ಎದ್ದೆದ್ದು ಹೋಗಿ ಇಬ್ಬರ ತಲೆ ಮುಟ್ಟಿ ಬರುತ್ತಿದ್ದೆ. ಸುಮ ಸ್ಕೂಲಿನಿಂದ ಐದು ನಿಮಿಷ ತಡವಾದರೆ ಬೇಲಿಯ ಹತ್ತಿರ ನಿಂತಿರುತ್ತೇನೆ. ಒಂದು ಕೆಲಸ ಮಾತ್ರ ಬದಲಾಗಿದೆ. ಈಗ ಸಂತೆಗೆ ಹೋಗುವುದಿದ್ದರೂ ಸುಮಳನ್ನು ಕೂರಿಸಿಕೊಂಡು ಹೇಳುತ್ತೇನೆ, ಎಲ್ಲಿಗೆ, ಯಾರ ಜೊತೆ, ಯಾವಾಗ ಬರುತ್ತೇನೆ, ಬರುವುದು ತಡವಾದರೆ ಅವರು ಯಾರ ಹತ್ತಿರ ಹೋಗಬೇಕು. ಹೇಳುವಾಗ ನಾಲಿಗೆ ಒಣಗುತ್ತದೆ. ಆದರೂ ಹೇಳುತ್ತೇನೆ. ನೀವು ಕಾಯಿ ಅಲ್ಲಾಡಿಸುತ್ತಾ ಎಷ್ಟು ಸಲೀಸಾಗಿ ಹೇಳಿಬಿಟ್ಟಿರಿ!

ಬಾವಿಗೆ ಕಟ್ಟೆ ಕಟ್ಟಿಸಲು ನಿಮ್ಮ ಮಗ ಕಲ್ಲು ಹಾಕಿಸಿದ್ದಾರೆ, ಗಾರೆಯವನು ಬರಬೇಕು, ಇವತ್ತು ನಾಳೆ ಎನ್ನುತ್ತಿದ್ದಾನೆ. ಅಷ್ಟರಲ್ಲಿ ಇವಳು ಹೊಸ್ತಿಲು ದಾಟಿದಳು. ನಾನು ಸಕ್ಕರೆ ಚೆಲ್ಲಿಕೊಂಡು ನಿಂತಿದ್ದನ್ನು ಸುಮ ನೋಡಿದಳು. ಒಳಗೆ ಹೋಗಿ ಏಣಿ ಹತ್ತಿ, ಹಸಿರು ಸೀರೆ ತಂದು ನನ್ನ ಮುಂದೆ ಹಿಡಿದಳು. "ಅಮ್ಮಾ, ಕಟ್ಲಾ?" ಎಂದಳು. ಬೈಯುತ್ತೇನೋ ಎಂದು ಅರ್ಧ ಹೆದರಿಕೊಂಡೇ ಕೇಳಿದಳು. ಅವಳಿಗೆ ಆ ಜಗಳ ಪೂರ್ತಿ ನೆನಪಿದೆ.

ನಾನು ಮಗುವನ್ನು ಎತ್ತಿ ಅವಳ ಮುಂದೆ ನಿಲ್ಲಿಸಿ ಹಿಡಿದುಕೊಂಡೆ. ಅವಳು ಕಟ್ಟಿದಳು. ಜಗಲಿಯ ಕಂಬಕ್ಕೆ ಇನ್ನೊಂದು ತುದಿ ಬಿಗಿದಳು. ನಾನು ಎರಡೂ ಗಂಟನ್ನು ಜಗ್ಗಿ ನೋಡಿದೆ, ಅಲುಗಾಡಲಿಲ್ಲ.

ರತ್ನಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಬೇಲಿಯಾಚೆ ನಿಂತು ಅವತ್ತು ಎಲ್ಲ ಕೇಳಿಸಿಕೊಂಡವರು ಅವರೇ ಅಲ್ಲವೇ. "ಏನೇ ಗಂಗಾ, ಕರು ಕಟ್ಟಿಸ್ದಂಗೆ ಕಟ್ಟಿಸ್ತಿದೀಯಲ್ಲೇ ಮಗೂನ?" ಎಂದರು, ನಗು ತಡೆದುಕೊಂಡು.

ನಿಮಗೆ ಕೇಳಲಿ ಎಂದು ತೋಟದ ಕಡೆ ತಿರುಗಿ ಗಟ್ಟಿಯಾಗಿಯೇ ಹೇಳಿದೆ.

"ನಮ್ಮತ್ತೆ ಹಂಗೇ ಕಟ್ತಿದ್ರು ಕಣ್ರೀ. ಮಕ್ಕಳನ್ನ ಕೊಟ್ರೆ ಅಂಥವ್ರ ಕೈಗೇ ಕೊಡ್ಬೇಕು."

ಕೇಳಿತೇ? ಇದನ್ನು ಜಗಲಿಯ ಮೇಲೆ ಕೂತೇ ಬರೆಯುತ್ತಿದ್ದೇನೆ. ಆಶಾ ಸೀರೆ ಎಳೆದಷ್ಟು ದೂರ ಹೋಗಿ, ನಿಂತು, ನನ್ನ ಕಡೆ ತಿರುಗಿ ನಗುತ್ತಿದ್ದಾಳೆ. ಇರಿ ಅತ್ತೆ, ಇನ್ನೊಂದು ಸಲ ಗಂಟು ನೋಡಿ ಬರುತ್ತೇನೆ.

ನಿಮ್ಮ ಸೊಸೆ,
ಗಂಗ